ನಮ್ಮ ಸ್ಟಾಫ್

‘ಇವ್ರು ನಮ್ ಸ್ಟಾಫ್’ ಎಂದು ಉಮೇಶನನ್ನು ತೋರಿಸಿ ಹೇಳಿಬಿಟ್ಟಿದ್ದ ಧರ್ಮಪಾಲ. ಅದೂ ಯಾರೆದುರು? ಸೆಲೆಟಾರಿನಲ್ಲಿ ವಿಮಾನ ರಿಪೇರಿ ಮಾಡುವ ಕಂಪನಿಯ ಹೊಸ ಮ್ಯಾನೇಜರ್ ಎದುರು. ಹನ್ನೆರಡು ವರ್ಷದ ಹಿಂದೆ ಹಾಕರ್ ಸೆಂಟರೆಂಬ ಅಗ್ಗದ ಊಟದಂಗಡಿಗಳ ಅಂಗಳದಲ್ಲಿ, ಮೇಜಿನ ಮೇಲೆ ಒಂದೇ ಲ್ಯಾಪ್‌ಟಾಪ್ ಇಟ್ಟುಕೊಂಡು, ಊರಿನ ಟೆಕ್ನಿಷಿಯನ್‌ಗಳಿಗೆ ಈ ಪರದೇಶದಲ್ಲಿ ಕೆಲಸ ಕೊಡಿಸುವ ಏಜೆನ್ಸಿಯನ್ನು ಇಬ್ಬರೂ ಸೇರಿ ಶುರು ಮಾಡಿದ್ದರು. ಪಾಲುದಾರ ಅನ್ನೋ ಪದ ಅಷ್ಟು ಭಾರವಾಯಿತೇ ಇವನ ನಾಲಿಗೆಗೆ? ಉಮೇಶ ಅವತ್ತೇ ಏಜೆನ್ಸಿ ಬಿಟ್ಟು ಹೊರಬಿದ್ದ. ಎಂಆರ್‌ಟಿ ರೈಲಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತು, ಐವತ್ತರ ಗಂಡಸು, ಅತ್ತ.

“ರೀ, ಬಾಯ್ತಪ್ಪಿ ಅಂದಿರ್ಬೇಕು. ಒಂದ್ಸಲ ಕಾಲ್ ಮಾಡಿ ಮಾತಾಡಿ” ಎಂದಳು ಹೆಂಡತಿ ಸುನಂದಾ.

“ಅವನೇ ಮಾಡ್ಲಿ” ಎಂದ. ಧರ್ಮಪಾಲ ಹನ್ನೊಂದು ಸಲ ಮಾಡಿದ. ಉಮೇಶ ಎತ್ತಲಿಲ್ಲ.

ಸ್ವಂತ ಏಜೆನ್ಸಿ ತೆರೆಯಬೇಕು. ಕಂಪನಿಗಳೆಲ್ಲ ತನ್ನ ಬಳಿ ಬರಬೇಕು. ಅವು ಬರಬೇಕೆಂದರೆ ಧರ್ಮಪಾಲನ ಬಾಗಿಲು ಮುಚ್ಚಬೇಕು. ಅದಕ್ಕೆ ಬೇಕಾದ್ದು ಒಂದೇ ಒಂದು ಸುಳ್ಳು ಸರ್ಟಿಫಿಕೇಟು, ಅದೂ ಧರ್ಮಪಾಲನ ಸಹಿಯೊಂದಿಗೆ ಸರ್ಕಾರಿ ಕಚೇರಿಗೆ ಹೋಗಬೇಕು. ಆ ಪುಣ್ಯಾತ್ಮನ ದೌರ್ಬಲ್ಯ ಉಮೇಶನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಭ್ಯರ್ಥಿಯ ಬಗ್ಗೆ ಹಳೇ ಮಾಲೀಕರನ್ನು ವಿಚಾರಿಸುವಾಗ ಆ ಕಡೆಯವರು ತುಳುವಿನಲ್ಲಿ ಎರಡು ಮಾತಾಡಿದರೆ ಸಾಕು, ಯಾವ ಊರು, ಯಾರ ಮನೆ, ಈಗ ಬಂಗುಡೆ ಮೀನು ಹೇಗೆ ಎಂದು ಶುರುವಾಗಿ ಕೇಳಬೇಕಾದ್ದೇ ಮರೆತುಹೋಗುತ್ತಿತ್ತು. ಹಿಂದಿನಿಂದ ಎಲ್ಲವನ್ನೂ ಪರಿಶೀಲಿಸುತ್ತಿದ್ದವನು ಉಮೇಶ. ಈಗ ಅವನಿರಲಿಲ್ಲವಲ್ಲ!

ಹಾಗೆ ಹುಟ್ಟಿದ ಋತ್ವಿಕ್, ಭೂಮಿಯ ಮೇಲೆಲ್ಲೂ ಇಲ್ಲದ ವಿಮಾನ ಟೆಕ್ನಿಷಿಯನ್. ಅವನ ಸರ್ಟಿಫಿಕೇಟಿನ ಮೊಹರನ್ನು ಉಮೇಶ ಬೇಕೆಂದೇ ಸ್ವಲ್ಪ ಓರೆಯಾಗಿ ಒತ್ತಿದ. ಅಸಲಿ ಮೊಹರು ಯಾವತ್ತಾದರೂ ನೆಟ್ಟಗಿರುತ್ತದೆಯೇ? ಅದನ್ನು ಋತ್ವಿಕ್ ಹೆಸರಿನಲ್ಲಿ ಧರ್ಮಪಾಲನಿಗೆ ಕಳಿಸಿ, ಆಮೇಲೆ ಅವನ ಹಳೇ ಮಾಲೀಕನ ಸೋಗಿನಲ್ಲಿ ಹೊಸ ನಂಬರಿನಿಂದ ತುಳುವಿನಲ್ಲಿ ನಾಲ್ಕು ಸಾಲು ಮೆಸೇಜ್ ಕಳಿಸಿದ. ಹತ್ತೇ ನಿಮಿಷದಲ್ಲಿ ಧರ್ಮಪಾಲನ ವಾಯ್ಸ್ ಮೆಸೇಜ್ ಬಂತು. ಅಯ್ಯೋ ನಮ್ಮೂರಿನವರಾ, ಹಾಗಾದ್ರೆ ಇನ್ನೇನು ಕೇಳುವುದು ಎಂದು ನಗುತ್ತಿದ್ದ. ಎಂಟು ತಿಂಗಳಿಂದ ಕೇಳದ ದನಿ. ಉಮೇಶ ಅದನ್ನು ಮೂರು ಸಲ ಕೇಳಿದ. ಆದರೂ ಋತ್ವಿಕ್‌ನ ಅರ್ಜಿಯನ್ನು ಧರ್ಮಪಾಲ ಸಲ್ಲಿಸಿದ ಮರುದಿನ ಲೈಬ್ರರಿಯ ಕಂಪ್ಯೂಟರಿನಿಂದ ಅದೇ ಸರ್ಕಾರಿ ಕಚೇರಿಗೆ ಹೆಸರಿಲ್ಲದ ದೂರು ಕಳಿಸಿದ.

ಆರು ವಾರಕ್ಕೆ ಧರ್ಮಪಾಲನ ಲೈಸೆನ್ಸ್ ರದ್ದಾಯಿತು. ಇದರ ಹಿಂದೆ ಉಮೇಶನಿದ್ದಾನೆಂದು ಯಾರಿಗೂ ಅನುಮಾನ ಬರಲಿಲ್ಲ. ಸಂತೋಷವಾಗಬೇಕಿತ್ತು, ಆಗಲಿಲ್ಲ, ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಮನಸ್ಸು ಗಟ್ಟಿ ಮಾಡಿಕೊಂಡು ‘ಮಾಲೀಕ’ ಎಂದು ಕಾರ್ಡ್ ಪ್ರಿಂಟ್ ಹಾಕಿಸಿ, ಇಸ್ತ್ರಿ ಶರ್ಟ್ ತೊಟ್ಟು, ಹೊಸ ಲೈಸೆನ್ಸಿಗೆ ಅರ್ಜಿ ಕೊಡಲು ಹೋದ.

ಕೌಂಟರಿನ ಹುಡುಗಿ ಅವನ ಗುರುತಿನ ನಂಬರನ್ನು ಎರಡು ಸಲ ಟೈಪ್ ಮಾಡಿ ಸ್ಕ್ರೀನನ್ನು ಅವನತ್ತ ತಿರುಗಿಸಿದಳು. ರದ್ದಾದ ಏಜೆನ್ಸಿಯ ಜವಾಬ್ದಾರರಿಗೆ ಹೊಸ ಲೈಸೆನ್ಸ್ ಇಲ್ಲ, ಸಾರಿ ಅಂಕಲ್, ಎಂದಳು ಇಂಗ್ಲಿಷಿನಲ್ಲಿ. ಜವಾಬ್ದಾರರು ಇಬ್ಬರು: ಮೊದಲು ಉಮೇಶ, ಕೆಳಗೆ ಧರ್ಮಪಾಲ. ಬಿಟ್ಟು ಬಂದ ಮೇಲೆ ಹೆಸರು ತಾನಾಗಿ ಅಳಿಸಿಹೋಗುತ್ತದೆಂದು ಹನ್ನೆರಡು ವರ್ಷ ಊರವರ ಕಾಗದಪತ್ರವನ್ನೆಲ್ಲ ಪರಿಶೀಲಿಸಿದ ಮನುಷ್ಯ ಹೇಗೆ ನಂಬಿದ? ಹೊರಗೆ ಬಂದು ಧರ್ಮಪಾಲನಿಗೆ ಫೋನ್ ಮಾಡಿದ. “ನನ್ ಹೆಸ್ರು ಯಾಕೆ ತೆಗ್ಸಿಲ್ಲ?” “ಹೇಗೆ ತೆಗ್ಸುದು ಮಾರಾಯ? ಸಿಟ್ಟು ಇಳಿದ್ಮೇಲೆ ನೀನು ಬಂದೇ ಬರ್ತಿ ಅಂತ ಇದ್ದೆ. ಈಗ ನನ್ನಿಂದ ನಿನ್ ಹೆಸ್ರೂ ಹಾಳಾಯ್ತಲ್ಲ... ಬೇಜಾರು ಮಾಡ್ಕೊಳ್ಬೇಡ, ಉಮೇಶ. ತಪ್ಪಾಯ್ತು.”