ಆನೇಮಹಲ್‌ನಲ್ಲಿ ಹಾರಿದ ಹೆಂಚು

“ಕಣದೊಳಕ್ಕೆ ಕಾಲಿಟ್ಟೀಯ ಜೋಕೆ, ಢಂ ಅಂದ್ಬುಡ್ತದೆ,” ಎಂದು ಬೆಟ್ಟಮ್ಮ ಪುಷ್ಪಾಳ ಸ್ಕೂಲ್ ಬ್ಯಾಗು ಹಿಡಿದು ಹಿಂದಕ್ಕೆ ಎಳೆದಳು.

ಶನಿವಾರದ ಅರ್ಧ ದಿನದ ಸ್ಕೂಲು ಮುಗಿಸಿ ಪುಷ್ಪಾ ಆಗಷ್ಟೇ ಬಂದಿದ್ದಳು. ಮನೆ ಮುಂದೆ ಬೀದಿಯ ಅರ್ಧ ಜನ ಬೇಲಿಯ ಈಚೆ ಸಾಲಾಗಿ ನಿಂತಿದ್ದರು. ಬೇಲಿಯ ಆಚೆ ಕಣ. ಕಣದ ತುಂಬ ಒಣಗಲು ಹರಡಿದ ಕಾಫಿ. ಮೂಲೆಗೊಂದರಂತೆ ಪ್ಲಾಸ್ಟಿಕ್ ಬಾಟಲಿ, ಅದರ ತುಂಬ ಕಡುನೀಲಿ ನೀರು.

ಬೆಟ್ಟಮ್ಮ ಪಕ್ಕದ ಮನೆಯವಳು. ಮಧ್ಯಾಹ್ನ ಒಮ್ಮೆ ಬಂದು ಕಾಫಿಯನ್ನು ತಿರುವಿ ಹಾಕಿ ಹೋಗುವುದು ಅವಳ ಕೆಲಸ. ಇವತ್ತು ಬಾಟಲಿ ಕಂಡವಳೇ ಕೂಗು ಹಾಕಿ ಎಲ್ಲರನ್ನೂ ಸೇರಿಸಿದ್ದಳು.

“ಈ ಹುಡ್ಗಿ ಓದಿದ್ಲಲ್ಲ, ಅದೇ ಬಾಟ್ಲಿ ಕಣ್ರೀ ಇದು,” ಎಂದಳು.

ಪುಷ್ಪಾ ಓದಿದ್ದು ನಿಜ. ಅವಳ ಚಂದನ್ ಮಾಮ ಹಾಸನಕ್ಕೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದ. ಹೋದ ವಾರ ಒಂದು ಈಮೇಲ್ ಪ್ರಿಂಟ್ ತೆಗೆಸಿಕೊಂಡು ಬಂದು, ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ಬರೆದುಕೊಟ್ಟಿದ್ದ. ‘ನಿಮ್ಮ ಅಂಗಳದಲ್ಲಿ ಬಣ್ಣದ ನೀರಿನ ಬಾಟಲಿ ಕಂಡರೆ ಮುಟ್ಟಬೇಡಿ. ಅಲುಗಿಸಿದರೆ ಸಿಡಿಯುತ್ತದೆ. ಬೆರಳು ಹೋಗಬಹುದು. ಗೊತ್ತಿರುವವರಿಗೆಲ್ಲ ಇದನ್ನು ಕಳಿಸಿ.’

ಪುಷ್ಪಾ ಅದನ್ನು ಪ್ರೇಯರ್ ಹೊತ್ತಿನಲ್ಲಿ ಇಡೀ ಸ್ಕೂಲಿಗೆ ಓದಿ ಹೇಳಿದಳು. ಅವತ್ತಿನವರೆಗೆ ಯಾರ ಲೆಕ್ಕಕ್ಕೂ ಇಲ್ಲದಿದ್ದ ಪುಷ್ಪಾ, ಓದಿ ಮುಗಿಸುವಷ್ಟರಲ್ಲಿ ದೊಡ್ಡ ಮನುಷ್ಯಳಾಗಿಬಿಟ್ಟಳು. ಏಳನೇ ಕ್ಲಾಸಿನವರು ಕೂಡ ಹತ್ತಿರ ಬಂದು, “ಇನ್ನೊಂದ್ಸಲ ಹೇಳು” ಎಂದರು. ಪ್ರೇಯರ್‌ನಲ್ಲಿ ಬೆರಳು ಮಾತ್ರ ಹೋಗಿತ್ತು. ಇಂಟರ್ವೆಲ್‌ನಲ್ಲಿ ಇಡೀ ಕೈ ಹೋಯಿತು. ಸಂಜೆ ಸ್ಕೂಲಿನ ನಲ್ಲಿ ಹತ್ತಿರ ಗೆಳತಿ ನಿಖತ್ ಕಣ್ಣರಳಿಸಿ, “ಆಮೇಲೇನಾಯ್ತೇ?” ಎಂದಾಗ ಪುಷ್ಪಾಳ ಬಾಯಿ ನಿಲ್ಲಲೇ ಇಲ್ಲ.

“ಆನೇಮಹಲ್‌ನಲ್ಲಿ ಒಂದು ಮನೆ ಹೆಂಚೆಲ್ಲ ಹಾರ್ಹೋಗ್ಬುಡ್ತಂತೆ,” ಎಂದಿದ್ದಳು.

ಆನೇಮಹಲ್ ಯಾಕೆ ಬಂತೋ ಅವಳಿಗೂ ಗೊತ್ತಿಲ್ಲ. ಆ ಊರನ್ನು ಅವಳು ಬಸ್ಸಿನ ಕಿಟಕಿಯಿಂದ ಬಿಟ್ಟರೆ ನೋಡಿದವಳೂ ಅಲ್ಲ. ಬಾಯಿಗೆ ಆ ಹೆಸರು ಬಂತು, ಅಷ್ಟೆ.

ಈಗ ಬೇಲಿಯ ಹತ್ತಿರ ಎಲ್ಲರಿಗಿಂತ ಹಿಂದೆ ನಿಂತಿದ್ದವನು ಚಂದನ್ ಮಾಮನೇ. “ಮೇಲ್‌ನಲ್ಲಿ ಕ್ಲಿಯರ್ ಆಗಿ ಐತೆ, ಮುಟ್ಬೇಡಿ ಅಂತ,” ಎಂದು ಪ್ರಿಂಟನ್ನು ಎದೆಗೆ ಒತ್ತಿಕೊಂಡಿದ್ದ.

ಗುಡ್ಡದ ಮೇಲೆ ಗುಡುಗಿತು. ಎಲ್ಲರೂ ಬಾಟಲಿಯೇ ಸಿಡಿಯಿತೆಂದು ಕಿವಿ ಮುಚ್ಚಿಕೊಂಡರು. ಪುಷ್ಪಾ ಮಾತ್ರ ತಲೆಯೆತ್ತಿ ನೋಡಿದಳು. ಮೋಡ ಕಪ್ಪಾಗಿ ಇಳಿಯುತ್ತಿತ್ತು. ಅಪ್ಪ ಅಮ್ಮ ದೂರದ ತೋಟದಲ್ಲಿ ಹಣ್ಣು ಬಿಡಿಸುತ್ತಿದ್ದರು. ಅಜ್ಜಿ ಬೆಳಗಿನ ಬಸ್ಸಿಗೆ ಆಲೂರಿನ ಅತ್ತೆ ಮನೆಗೆ ಹೋಗಿದ್ದಳು. ಮಳೆ ಬಿದ್ದರೆ ಕಾಫಿಗೆಲ್ಲ ಬೂಸ್ಟು ಹಿಡಿಯುತ್ತದೆ, ವರ್ಷದ ದುಡಿಮೆಯೆಲ್ಲ ನೀರುಪಾಲು.

“ಮಾಮ, ಮಳೆ ಬರಂಗೈತೆ. ಕಾಫಿ ರಾಶಿ ಮಾಡಿ ಟಾರ್ಪಾಲ್ ಹೊದಿಸ್ಬೇಕು.”

“ಕಾಫಿ ಹೋದ್ರೆ ಹೋಗ್ಲಿ ಮಗು, ಜೀವ ಇದ್ರೆ ಸಾಕು,” ಎಂದು ಎದುರು ಮನೆಯ ಜವರಯ್ಯ ನಡುವೆ ಬಾಯಿ ಹಾಕಿದ. “ಆನೇಮಹಲ್‌ನಲ್ಲಿ ಏನಾಯ್ತು ಗೊತ್ತಾ? ಮನೆ ಹೆಂಚೇ ಹಾರೋಯ್ತು. ನಮ್ಮ ಷಡ್ಕ ಕಣ್ಣಾರೆ ನೋಡವ್ನೆ.”

ಪುಷ್ಪಾ ಥಟ್ಟನೆ ಜವರಯ್ಯನ ಕಡೆ ತಿರುಗಿದಳು. ಆ ಹೆಂಚು ಅವಳದು. ಸ್ಕೂಲಿನ ನಲ್ಲಿ ಹತ್ತಿರ ಅವಳೇ ಹಾರಿಸಿದ್ದು. ಅದನ್ನು ಜವರಯ್ಯನ ಷಡ್ಕ ಎಲ್ಲಿ ನೋಡಿದ?

“ಎಷ್ಟು ಹೆಂಚು ಹೋಯ್ತಂತೆ ಮಾವ?” ಎಂದು ಮೆಲ್ಲಗೆ ಕೇಳಿದಳು.

“ಒಂದೂ ಉಳಿದಿಲ್ಲ. ಪಾಪ, ಮನೆಯವ್ರು ಆಕಾಶ ನೋಡ್ಕಂಡು ಉಣ್ತಾವ್ರೆ.”

ಪುಷ್ಪಾಳಿಗೆ ಹೊಟ್ಟೆಯಲ್ಲಿ ನಗು ಗುಳುಗುಳು ಎಂದಿತು. ಜೊತೆಗೇ ಹೆದರಿಕೆಯೂ ಆಯಿತು. ಹೆಂಚಿನ ಕತೆ ಹೀಗಾದರೆ ಬೆರಳಿನ ಕತೆ ಹೇಗೋ?

“ಮಾಮ, ಈ ಮೇಲ್ ನಿಂಗೆ ಯಾರು ಕಳ್ಸಿದ್ದು?”

“ನನ್ ಫ್ರೆಂಡ್ ಸಂಜಯ್.”

“ಅವನಿಗೆ?”

“ಅವನ ಫ್ರೆಂಡು ಇರ್ಬೇಕು.”

“ಬೆರಳು ಹೋಗಿದ್ದು ಯಾವ ಊರಲ್ಲಿ?”

ಚಂದನ್ ಮಾಮ ಪ್ರಿಂಟನ್ನು ಹಿಂದೆ ಮುಂದೆ ತಿರುಗಿಸಿದ. “ಊರು ಹಾಕಿಲ್ಲ ಕಣೇ.”

“ಹೋಗ್ಲಿ, ಈ ಬಾಟ್ಲಿ ಇಟ್ಟಿದ್ದು ಯಾರು?”

ಅಷ್ಟು ಹೊತ್ತು ಕೂಗಾಡಿದ್ದರೂ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಬೆಳಗ್ಗೆ ಅಪ್ಪ ಅಮ್ಮ ತೋಟಕ್ಕೆ ಹೋದ ಮೇಲೆ, ತಾನೂ ಸ್ಕೂಲಿಗೆ ಹೋದ ಮೇಲೆ, ಮನೆಯಲ್ಲಿದ್ದವಳು ಅಜ್ಜಿ ಒಬ್ಬಳೇ ಎಂದು ಪುಷ್ಪಾಳಿಗೆ ನೆನಪಾಯಿತು. ಬ್ಯಾಗು ಬೆಟ್ಟಮ್ಮನ ಕೈಗೆ ಕೊಟ್ಟು ಓಡಿದಳು.

ನಿಖತ್‌ಳ ಅಪ್ಪ ಇಸ್ಮಾಯಿಲ್ ಸ್ಟ್ಯಾಂಡ್ ಹತ್ತಿರ ಎಸ್‌ಟಿಡಿ ಬೂತ್ ಇಟ್ಟಿದ್ದ. “ಅಂಕಲ್, ಆಲೂರಿಗೆ ಅರ್ಜೆಂಟು,” ಎಂದು ಪುಷ್ಪಾ ಏದುಸಿರು ಬಿಟ್ಟಳು. ಅವನು ನಂಬರ್ ಒತ್ತಿ ಫೋನು ಕೈಗೆ ಕೊಟ್ಟ. ಆಚೆ ಕಡೆಯಿಂದ ಅಜ್ಜಿಯ ದನಿ ಬೂತ್ ತುಂಬ ಕೇಳಿಸಿತು. ಅಜ್ಜಿ ಗುರುಶಾಂತಮ್ಮ ಫೋನಿನಲ್ಲಿ ಮಾತಾಡುವಾಗ ಆಲೂರಿನಿಂದ ತಮ್ಮೂರು ಕೆ. ಹೊಸಕೋಟೆಗೆ ನೇರವಾಗಿ ಕೇಳಿಸಬೇಕು ಎಂಬಂತೆ ಕೂಗುತ್ತಿದ್ದಳು.

“ಬಾಟ್ಲಿನಾ? ನಾನೇ ಇಟ್ಟೆ ಕಣೇ. ಬಟ್ಟೆಗೆ ಹಾಕೋ ನೀಲಿ ಅದು. ಹಾಳು ನಾಯಿಗಳು ಬಂದು ಕಾಫಿ ಮೇಲೆ ಕಾಲೆತ್ತುತವೆ. ನೀಲಿ ನೀರು ಕಂಡ್ರೆ ನಾಯಿ ಹತ್ರ ಸುಳಿಯಲ್ವಂತೆ.”

“ಯಾರು ಹೇಳಿದ್ದಜ್ಜಿ?”

“ಆಲೂರಲ್ಲಿ ಎಲ್ರೂ ಹೇಳ್ತಾರೆ. ಎಲ್ರ ಮನೆ ಮುಂದೂ ಇಟ್ಟವ್ರೆ. ಅದಿರ್ಲಿ, ಇಲ್ಲಿ ಹನಿ ಶುರುವಾಯ್ತು, ಓಡು, ಕಾಫಿ ಬಾಚು.”

ಪುಷ್ಪಾ ಓಡಿ ಬಂದು ಅಜ್ಜಿ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಒಂದಿಬ್ಬರು ತಲೆದೂಗಿದರು. ಕಾಲು ಮಾತ್ರ ಯಾರೂ ಮುಂದಿಡಲಿಲ್ಲ.

“ನಿಮ್ಮಜ್ಜಿ ಇಟ್ಟಿದ್ದೇ ಇರ್ಬೋದು,” ಎಂದ ಜವರಯ್ಯ. “ಆದ್ರೂ ಆನೇಮಹಲ್‌ನಲ್ಲಿ ಆಗಿರೋದು ಸುಳ್ಳಾ?”

ಒಂದು ಹನಿ ಪುಷ್ಪಾಳ ಮೂಗಿನ ಮೇಲೆ ಬಿತ್ತು. ಈಗ ಹೇಳಿದರೆ ಸೋಮವಾರದಿಂದ ಏಳನೇ ಕ್ಲಾಸಿನವರು ತಿರುಗಿಯೂ ನೋಡುವುದಿಲ್ಲ. ಹೇಳದಿದ್ದರೆ ಕಾಫಿ ಉಳಿಯುವುದಿಲ್ಲ.

“ಸುಳ್ಳು ಮಾವ,” ಎಂದಳು. “ಆನೇಮಹಲ್‌ನಲ್ಲಿ ಏನೂ ಆಗಿಲ್ಲ. ಮೇಲ್‌ನಲ್ಲಿ ಹೆಂಚು ಇರ್ಲೇ ಇಲ್ಲ. ನಾನೇ ಸೇರಿಸ್ದೆ.” ಅವಳ ಕಿವಿಗಳೆರಡೂ ಕಾದ ಕಾವಲಿಯಂತೆ ಬಿಸಿಯಾದವು.

“ಮತ್ತೆ ನಮ್ಮ ಷಡ್ಕ ನೋಡಿದ್ದು?” ಎಂದ ಜವರಯ್ಯ.

ಬೆಟ್ಟಮ್ಮ ಕಿಸಕ್ಕೆಂದಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ. ಅವಳು ನಕ್ಕಿದ್ದು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ನಗುನಗುತ್ತಲೇ ಎಲ್ಲರೂ ಕಣಕ್ಕೆ ನುಗ್ಗಿದರು. ಪೊರಕೆ ಸಿಕ್ಕವರು ಪೊರಕೆಯಲ್ಲಿ, ಹಲಗೆ ಸಿಕ್ಕವರು ಹಲಗೆಯಲ್ಲಿ ಕಾಫಿ ಬಾಚಿದರು. ಜವರಯ್ಯನೇ ಟಾರ್ಪಾಲು ಎಳೆದು ತಂದ. ಚಂದನ್ ಮಾಮನೂ ಬಂದ, ಆದರೆ ಬಾಟಲಿ ಇದ್ದ ಕಡೆಯೆಲ್ಲ ಅರ್ಧ ಸುತ್ತು ಬಳಸಿಕೊಂಡು ಓಡಾಡಿದ.

ರಾಶಿಯನ್ನು ಹೊದಿಸಿ ಅಂಚಿಗೆ ಕಲ್ಲು ಹೇರುವುದಕ್ಕೂ ಮಳೆ ಧೋ ಎಂದು ಸುರಿಯುವುದಕ್ಕೂ ಸರಿಹೋಯಿತು. ಎಲ್ಲರೂ ಜಗಲಿಗೆ ಓಡಿ ಹತ್ತಿ ನಿಂತರು. ಆಗ ಒಂದು ಕಂದು ನಾಯಿ ನೆನೆಯುತ್ತಾ ಬಂತು. ನೀಲಿ ಬಾಟಲಿಯನ್ನು ಚೆನ್ನಾಗಿ ಮೂಸಿ ನೋಡಿ, ಅದರ ಮೇಲೆಯೇ ಕಾಲೆತ್ತಿತು. ಜಗಲಿಯ ಮೇಲೆ ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಮುಂದಿನ ಭಾನುವಾರ ಪುಷ್ಪಾ ಅಮ್ಮನ ಜೊತೆ ಆಲೂರು ಬಸ್ಸು ಹತ್ತಿದಳು. ಕಂಡಕ್ಟರ್ ಟಿಕೆಟ್ ಹರಿಯುತ್ತಾ ಮುಂದಿನ ಸೀಟಿನವರಿಗೆ ಹೇಳುತ್ತಿದ್ದ.

“ಇದೇ ಹೊಸಕೋಟೇಲಿ ಕಣ್ರೀ. ಕಾಫಿ ಕಣದಲ್ಲಿ ಬಾಟ್ಲಿ ಇಟ್ಟಿದ್ರಂತೆ. ಪಾಪ, ಸ್ಕೂಲಿಗೆ ಹೋಗೋ ಹುಡ್ಗಿ. ಎರಡೂ ಕೈ ಹೋಯ್ತಂತೆ.”

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪುಷ್ಪಾ ಎದ್ದು ನಿಂತಳು. “ಕಂಡಕ್ಟರಣ್ಣ, ಆ ಹುಡ್ಗಿ ನಾನೇ. ನೋಡಿ, ಎರಡೂ ಕೈ ಐತೆ,” ಎಂದು ಕೈಗಳನ್ನು ಮುಂದೆ ಚಾಚಿದಳು.

ಕಂಡಕ್ಟರ್ ಆ ಕೈಗಳನ್ನು ಗಮನವಿಟ್ಟು ನೋಡಿದ. ಒಂದು ಕೈಗೆ ಅರ್ಧ ಟಿಕೆಟ್ ಇಟ್ಟ.

“ನೀನಲ್ಲಮ್ಮ,” ಎಂದ. “ಅದು ಬೇರೆ ಹುಡ್ಗಿ.”

ಮುಂದಿನ ಸೀಟಿನ ಅಜ್ಜಿಯೊಬ್ಬಳು ಆ ಹುಡುಗಿಗಾಗಿ ಲೊಚಗುಟ್ಟಿದಳು. ಪುಷ್ಪಾ ಕಿಟಕಿಯ ಪಕ್ಕ ಕುಳಿತು, ಬಸ್ಸು ಊರು ದಾಟುವವರೆಗೂ ತನ್ನ ಎರಡು ಕೈಗಳನ್ನೇ ನೋಡುತ್ತಿದ್ದಳು.