ಗೇಟಿನ ಪಕ್ಕದ ಬ್ರಾಕೆಟ್

"ಕಿತ್ತಿದ್ದು ಕಿತ್ರಿ ಸಾರ್, ಆತು. ಆದ್ರ ಆ ಮೊಳಿ ಮತ್ತ ಎಲ್ಲೂ ಹೊಡೀಬ್ಯಾಡ್ರಿ," ಎಂದ ಜಿಲಾನಿ, ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿ. "ನನ್ನ ಅಂಗಡಿಯಾಗಂತೂ ಇಡಬ್ಯಾಡ್ರಿ."

ಶ್ರೀನಾಥನ ಕೈಯಲ್ಲಿದ್ದ ಡಬ್ಬಿಯ ತುಂಬ ಹಳೆಯ ಮೊಳೆಗಳಿದ್ದವು. ಬೆರಳುದ್ದದವು, ಕುಲುಮೆಯಲ್ಲಿ ಬಡಿದು ಮಾಡಿದವು. ಹಂಪಸಾಗರದ ಹಿನ್ನೀರಿನ ದಂಡೆಯಲ್ಲಿ ಪ್ರವಾಸಿಗರಿಗೆಂದು ನಾಲ್ಕು ಕೋಣೆ ಕಟ್ಟಿಸಲು ಮೈಸೂರಿನಿಂದ ಬಂದು ಅವನು ಕೊಂಡ ಹೊಲದಲ್ಲಿ ಒಂದು ಮುದಿ ಬೇವು ಇತ್ತು. ಬೇಲಿಗಾದೀತೆಂದು ಅದನ್ನು ಕಡಿಸಿದ್ದ. ಕಬ್ಬಿಣ ತಗುಲಿದರೆ ಗರಗಸದ ಹಲ್ಲು ಹಾರುತ್ತದೆಂದು ಹಗರಿಬೊಮ್ಮನಹಳ್ಳಿಯ ಸಾಮಿಲ್ಲಿನವರು ದಿಮ್ಮಿಯನ್ನು ಮುಟ್ಟಲೇ ಇಲ್ಲ. ತಾನೇ ಕೂತು ಒಂದೊಂದಾಗಿ ಕಿತ್ತ. ಪ್ರತಿ ಮೊಳೆಗೂ ಕಪ್ಪು ನಾರಿನಂಥದೇನೋ ಸುತ್ತಿಕೊಂಡಿತ್ತು. ಕೂದಲು.

ಗಾಳಿ ಸೋಕಿದವರನ್ನು ಒಂದು ಕಾಲಕ್ಕೆ ಆ ಮರದ ಬುಡಕ್ಕೆ ಕರೆತರುತ್ತಿದ್ದರಂತೆ. ಅವರ ಒಂದೆಳೆ ಕೂದಲನ್ನು ಮಂತ್ರಿಸಿ ಮರಕ್ಕೆ ಜಡಿದರೆ, ಮೈಮೇಲೆ ಬಂದದ್ದು ಮರದಲ್ಲುಳಿದು ಮನುಷ್ಯರು ಮನೆಗೆ ಹೋಗುತ್ತಿದ್ದರಂತೆ.

"ಒಂದೊಂದು ಮೊಳಿಗೆ ಒಬ್ಬೊಬ್ರು ಇದ್ರುರೀ," ಎಂದ ಜಿಲಾನಿ.

"ಅಷ್ಟು ಜನ ನನ್ನ ಹೊಲದಲ್ಲಿದ್ರಾ? ಒಬ್ಬರೂ ಬಾಡಿಗೆ ಕೊಟ್ಟಿಲ್ವಲ್ಲ, ಜಿಲಾನಿ."

"ನಗ್ರಿ. ನಗಾಕ ಏನೂ ರೊಕ್ಕ ಬೀಳಂಗಿಲ್ಲ." ಜಿಲಾನಿ ಮಾಡಿಟ್ಟಿದ್ದ ಬ್ರಾಕೆಟ್‌ಗಳನ್ನು ಗೋಣಿಚೀಲಕ್ಕೆ ತುಂಬಿ ಕೊಟ್ಟ. ದಪ್ಪ ಕಬ್ಬಿಣದ ಪಟ್ಟಿಯನ್ನು ತೊಟ್ಟಿಲಿನಂತೆ ಬಾಗಿಸಿ ತೂತು ಕೊರೆದಿದ್ದ. ಕಂಬಕ್ಕೆ ಅದನ್ನು ಬಿಗಿದು, ಅದರೊಳಗೆ ಅಡ್ಡಪಟ್ಟಿಯ ತುದಿ ಕೂರಿಸಿ, ಮೇಲೊಂದು ಸ್ಕ್ರೂ ಹಾಕಿದರೆ ಬೇಲಿ ಅಲುಗುವುದಿಲ್ಲ.

ಎಲ್ಲೆಲ್ಲೂ ಕಲ್ಲುಕಂಬ, ತಂತಿಯೇ ಇರುವ ಆ ಸೀಮೆಯಲ್ಲಿ ಕಟ್ಟಿಗೆಯ ಬೇಲಿ ಬೇಕೆಂದವಳು ಅವನ ಹೆಂಡತಿ ಶೃತಿ. ಅಪ್ಪ ಅಮ್ಮನ ಸಿಟ್ಟು ಕಟ್ಟಿಕೊಂಡು ಇವನ ಹಿಂದೆ ಬಂದವಳು. ಜೋಳದ ರೊಟ್ಟಿ ಕಲಿಯುತ್ತೇನೆಂದು ಹೊರಟು, ಹಂಚಿಗೆ ಹಾಕುವಾಗಲೇ ಅದು ಹರಿದುಬಿದ್ದರೆ ಹೊಟ್ಟೆ ಹಿಡಿದು ನಗುವವಳು. ಆ ನಗೆಯೊಂದಿದ್ದರೆ ಈ ಬಿಸಿಲನ್ನೂ ತಾಳಿಕೊಳ್ಳಬಹುದು ಎಂದುಕೊಳ್ಳುತ್ತಿದ್ದ ಶ್ರೀನಾಥ.

ಬೇಲಿ ಸುತ್ತು ಬಂದು ಗೇಟಿನ ಪಕ್ಕದ ಕೊನೆಯ ಕಂಬಕ್ಕೆ ತಲುಪುವಾಗ ಹೊತ್ತು ಇಳಿಯುತ್ತಿತ್ತು. ಹೊಸದಾಗಿ ಕೊಯ್ದ ಬೇವಿನ ಕಹಿ ವಾಸನೆ ಗಂಟಲಲ್ಲಿ ಕೂತಿತ್ತು. ಕೊನೆಯ ಬ್ರಾಕೆಟ್‌ಗೆ ಸ್ಕ್ರೂ ಸಾಲಲಿಲ್ಲ. ಡಬ್ಬಿಯಿಂದ ಒಂದು ಹಳೆಯ ಮೊಳೆ ತೆಗೆದು ತೂತಿಗಿಟ್ಟು ನೋಡಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಜಿಲಾನಿ ಬೇಡ ಅಂದಿದ್ನಲ್ಲ," ಎಂದಳು ಶೃತಿ, ಅಡ್ಡಪಟ್ಟಿಯನ್ನು ಹೆಗಲಲ್ಲಿ ಒತ್ತಿ ಹಿಡಿದು.

"ಅವನು ಬ್ಯಾಡ ಅಂತ ಅಂದ. ಬೇಡ ಅಂದಿಲ್ಲ."

ಅವಳು ನಕ್ಕಳು. ಹಿನ್ನೀರಿನ ಕಡೆಯಿಂದ ಒಂದು ಬೀಸು ಗಾಳಿ ಬಂತು. ಜಡೆ ಬಿಚ್ಚಿ ಕೂದಲು ಪಟ್ಟಿಯ ಮೇಲೆ ಹರಡಿತು. ಅಷ್ಟರಲ್ಲಿ ಸುತ್ತಿಗೆ ಇಳಿದಿತ್ತು. ಮೊಳೆ ಒಂದೇ ಏಟಿಗೆ ಬೆಣ್ಣೆಯಲ್ಲಿಳಿದಂತೆ ಇಳಿಯಿತು. ಒಂದೆಳೆ ಕೂದಲು ಕಬ್ಬಿಣಕ್ಕೂ ಕಟ್ಟಿಗೆಗೂ ನಡುವೆ ಸಿಕ್ಕಿಕೊಂಡಿತು.

ಶ್ರೀನಾಥ ಕತ್ತರಿಯಿಂದ ಅದನ್ನು ಕತ್ತರಿಸಿದ. ಪಟ್ಟಿಯ ಮೇಲೆ ಬಗ್ಗಿದ್ದ ತಲೆಯನ್ನು ಅವಳು ಎತ್ತಲಿಲ್ಲ. ನಗೆ ಅರ್ಧಕ್ಕೇ ನಿಂತಿತ್ತು. ಸುತ್ತ ಜೀರುಂಡೆಗಳ ಸದ್ದೂ ನಿಂತಿತ್ತು.

ಸಂಜೆಯ ಹಾಲು ತಂದ ಎರ್ರಮ್ಮ ಗೇಟು ದಾಟಿದ್ದು ಆಗಲೇ. ಪಕ್ಕದ ಹೊಲದ ಮುದುಕಿ. ಶೃತಿ ನಿಧಾನಕ್ಕೆ ತಲೆಯೆತ್ತಿ ಅವಳನ್ನು ನೋಡಿದಳು.

"ಎಷ್ಟು ಮುದುಕಿ ಆಗೀಯಲೇ, ಎರ್ರಿ."

ಈ ಸೀಮೆಯ ಮಾತು ಶೃತಿಗೆ ಬಾರದು. ದನಿಯೂ ಅವಳದಲ್ಲ. ಹಾಲಿನ ಚೊಂಬು ನೆಲಕ್ಕೆ ಬಿತ್ತು. ಎರ್ರಮ್ಮ ಎರಡೂ ಕೈಯಿಂದ ತನ್ನ ನೆತ್ತಿಯನ್ನು ಮುಚ್ಚಿಕೊಂಡಳು. ಸಣ್ಣವಳಿದ್ದಾಗ ಅವಳನ್ನೂ ಆ ಬೇವಿನ ಬುಡಕ್ಕೆ ಕರೆತಂದಿದ್ದರು.

"ನಂದೂ ಒಂದು ಮೊಳಿ ಇತ್ತು ಅದ್ರಾಗ," ಎಂದಳು, ತುಟಿ ಅಲುಗದಂತೆ. "ಎಲ್ಲಾನೂ ಕಿತ್ತೀರಿ. ಎಲ್ಲಾರೂ ಹೊರಗದಾರ."

ಕತ್ತಲು ನೀರಿನ ಕಡೆಯಿಂದ ಏರಿ ಬಂತು. ಶೃತಿ ನಕ್ಕಳು. ಒಬ್ಬಳ ನಗೆ. ಆಮೇಲೆ ಹಲವರ ನಗೆ. ಒಂದೇ ಬಾಯಿಂದ.

ಶ್ರೀನಾಥ ಕಂಬಕ್ಕೆ ಹಾರಿದ. ಸುತ್ತಿಗೆಯ ಕೊಕ್ಕೆಯನ್ನು ಮೊಳೆಯ ತಲೆಗೆ ಸಿಕ್ಕಿಸಿದ. ಕಬ್ಬಿಣ ಕಾದಿತ್ತು. ಅಂಗೈ ಸುಟ್ಟಿತು. ಬಿಡಲಿಲ್ಲ. ಮೀಟಿದ. ಮೊಳೆ ಕಿರ್ರೆಂದಿತು. ಆಗ ಕೇಳಿಸಿತು. ಬೆನ್ನ ಹಿಂದಿನಿಂದಲ್ಲ. ಕಟ್ಟಿಗೆಯೊಳಗಿನಿಂದ. ತೀರ ಸಣ್ಣಗೆ, ಅವಳದೇ ದನಿ.

"ಶ್ರೀ, ಇಲ್ಲಿ ಕತ್ತಲೆ."

ಎರ್ರಮ್ಮ ಓಡಿ ಬಂದು ಅವನ ಮಣಿಕಟ್ಟು ಹಿಡಿದಳು. "ಕೀಳಬ್ಯಾಡಪ್ಪಾ. ಮಂತ್ರ ಇಲ್ಲದ ಮೊಳಿ ಮೈಯಾಗಿದ್ದಾಕಿನ್ನ ಹಿಡದೈತಿ. ಕಿತ್ರ ಅಕಿ ಎಲ್ಲಿಗೆ ಹೋಗ್ತಾಳ? ಮೈಯಾಗ ಅವರು ತುಂಬ್ಯಾರ, ಜಾಗ ಇಲ್ಲ. ಗಾಳ್ಯಾಗ ಗಾಳಿ ಆಗ್ತಾಳ."

"ಅವರನ್ನ ಓಡಿಸೋರು ಯಾರಾದ್ರೂ..."

"ಕಟ್ಟೋದು ಗೊತ್ತಿದ್ದಾವ ಸತ್ತು ಭಾಳ ವರ್ಷ ಆತು. ಯಾರಿಗೂ ಕಲಿಸ್ಲಿಲ್ಲ."

ಸುತ್ತಿಗೆ ಅವನ ಕೈಯಿಂದ ಜಾರಿತು.

ಆದರೂ ಅವನು ಸುಮ್ಮನೆ ಕೂರಲಿಲ್ಲ. ಹಿರೇಹಡಗಲಿ, ಇಟ್ಟಿಗಿ, ಹರಪನಹಳ್ಳಿ, ಮಂತ್ರ ಬಲ್ಲವರನ್ನು ಹುಡುಕಿ ಎಲ್ಲೆಲ್ಲೋ ಅಲೆದ. ಬಾಗಿಲು ತೆರೆದವರು ಹೊಲದ ಗುರುತು ಕೇಳಿದೊಡನೆ ಬಾಗಿಲು ಹಾಕಿಕೊಂಡರು. ಜಿಲಾನಿ ಮಾತ್ರ ಒಂದು ಡಬ್ಬಿ ಕೆಂಪು ಬಣ್ಣ ಕೊಟ್ಟ. "ತುಕ್ಕು ಹಿಡೀದಂಗ ನೋಡ್ಕೋರಿ ಸಾರ್," ಎಂದು ಕಣ್ಣು ತಪ್ಪಿಸಿದ.

ಈಗ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಕೇಳುತ್ತದೆ. ತೆಳ್ಳಗೆ, ದುಂಡಗೆ, ಒಂದೂ ಹರಿಯುವುದಿಲ್ಲ. ಬಡಿಸುವವಳು ಶೃತಿಯ ಕೈಯಿಂದ ಬಡಿಸುತ್ತಾಳೆ. ಯಾವ ದಿನ ಯಾರು ಬಡಿಸಿದರೋ ಅವನಿಗೆ ತಿಳಿಯುವುದಿಲ್ಲ. ಕಟ್ಟಿದ ಕೋಣೆಗಳಿಗೆ ಬೀಗ ಬಿದ್ದಿದೆ. ಗೆದ್ದಲು ಕಂಡರೆ ಹುಚ್ಚನಂತೆ ಸೀಮೆಎಣ್ಣೆ ಸುರಿಯುತ್ತಾನೆ. ಗೇಟಿನ ಹತ್ತಿರ ಯಾರ ದನವೂ ಮೈ ಉಜ್ಜದಂತೆ ದಿನವಿಡೀ ಕಾಯುತ್ತಾನೆ. ಹೊತ್ತು ಇಳಿದಾಗ ಅಡ್ಡಪಟ್ಟಿಗೆ ಕಿವಿಯಿಟ್ಟು ಕೂರುತ್ತಾನೆ. ಅವಳು ಏನಾದರೂ ಅನ್ನುತ್ತಾಳೆ. ಕೆಲವು ದಿನ ಬರೀ ಅವನ ಹೆಸರು.

ಮೊದಲ ಮಳೆ ಬಂದ ಸಂಜೆ ಅವನು ಬ್ರಾಕೆಟ್ ಒರೆಸಲು ಬಗ್ಗಿದ. ಬಣ್ಣದ ಅಡಿಯಿಂದ ಕೆಂಪು ನೀರು ಇಳಿಯುತ್ತಿತ್ತು. ಹಸಿ ಬೇವು ನೀರು ಕುಡಿದು ಉಬ್ಬಿತ್ತು. ಬೆರಳಿಟ್ಟು ನೋಡಿದ. ಮತ್ತೆ ನೋಡಿದ. ಸುತ್ತಿಗೆ ಎತ್ತಿಕೊಂಡ, ಹೊಡೆಯಲು ಹೆದರಿ ಕೆಳಗಿಟ್ಟ. ಹೆಬ್ಬೆರಳಿನಿಂದ ಒತ್ತಿ ಹಿಡಿದು ಮಳೆಯಲ್ಲೇ ಕೂತ.

ಮೊಳೆ ಕೂದಲೆಳೆಯಷ್ಟು ಹೊರಗೆ ಬಂದಿತ್ತು.