ಕೆಂಪು ಕಾರಿನ ತಳ

“ತುಕ್ಕು ತಿಂದಿರೋದನ್ನೆಲ್ಲ ಕತ್ತರಿಸಿ ಈಚೆಗೆ ಹಾಕಪ್ಪ. ಅದರ ಮೇಲೆ ಮಾತ್ರ ಮುಚ್ಚಬೇಡ,” ಎಂದರು ನಾಗಲಕ್ಷ್ಮಮ್ಮ. ಶೆಡ್ಡಿನ ಬಾಗಿಲಾಚೆಯೇ ನಿಂತಿದ್ದರು. ತಮ್ಮದೇ ಕಾರಿನ ಹತ್ತಿರ ಬರಲು ಅವರಿಗೆ ಕಾಲೇಳುತ್ತಿರಲಿಲ್ಲ.

ಚೌಡೇಶ ಕಾರಿನಡಿಯಿಂದ ತಲೆ ಹೊರಗೆ ಹಾಕಿದ. “ಮುಚ್ಚಿದರೆ ಏನಾಗುತ್ತಮ್ಮ?”

“ಮಾಟ ಆಗಿದೆ ಅದಕ್ಕೆ.”

ಅವನು ನಕ್ಕುಬಿಟ್ಟ. “ಹದಿನೈದು ವರ್ಷ ಬೆಂಗಳೂರಲ್ಲಿ ಟಿಂಕರಿಂಗ್ ಮಾಡ್ಕೊಂಡು ಬಂದೋನು ನಾನು. ಮಳೆನೀರು ಹಿಡಿದಿರೋ ಗಾಡಿ ನೋಡಿದ್ದೀನಿ, ಮಾಟ ಹಿಡಿದಿರೋದು ನೋಡಿಲ್ಲ. ನಿಂಬೆಹಣ್ಣು ತಂದಿದ್ರೆ ಕೊಡಿ, ಶರಬತ್ತು ಮಾಡ್ಕೊಂಡು ಕುಡೀತೀನಿ.”

ಆಕೆ ನಗಲಿಲ್ಲ. ನಿಂತಲ್ಲೇ, ತಗ್ಗಿದ ದನಿಯಲ್ಲಿ ಹೇಳಿದರು. ಗಂಡ ದೊಡ್ಡಬಳ್ಳಾಪುರದಲ್ಲಿ ಇಪ್ಪತ್ತು ಮಗ್ಗಗಳ ಒಡೆಯ. ಎರಡೇ ಸೀಟಿನ ಈ ಹಳೆಯ ಸ್ಪೋರ್ಟ್ಸ್ ಕಾರು ತಂದು ಊರೆಲ್ಲ ಮೆರೆದವರು. ತಳಕ್ಕೆ ಓಟೆ ಬಿದ್ದಾಗ ಮೇಲೊಂದು ತೆಳು ತಗಡು ಹೊಡೆಸಿ ಮ್ಯಾಟು ಹಾಸಿಬಿಟ್ಟರು. ಅವರ ಮಗ್ಗದಲ್ಲಿ ನೇಯುತ್ತಿದ್ದ ಸೊಣ್ಣಮ್ಮನ ಪುಟ್ಟ ಮಗಳು ಒಂದು ರೌಂಡು ಹೋಗಬೇಕೆಂದು ಹತ್ತಿ ಕೂತಳು. ಓಡುತ್ತಿದ್ದ ಕಾರಿನ ತಳ ಕುಸಿಯಿತು. ಮಗುವಿನ ಕಾಲು ರಸ್ತೆಗೆ ಸಿಕ್ಕಿತು. ಪಂಚಾಯಿತಿಯಲ್ಲಿ ಗಂಡ, ತಳ ಗಟ್ಟಿಯಾಗಿತ್ತು, ಮಗುವೇ ಬಾಗಿಲಿಂದ ಕಾಲು ಹೊರಗೆ ಹಾಕಿತು ಎಂದು ಆಣೆ ಮಾಡಿ ಎದ್ದುಬಂದರು. ಅದೇ ಸಂಜೆ ಸೊಣ್ಣಮ್ಮ ಓಟೆಯ ಅಂಚಿನ ತುಕ್ಕನ್ನೂ ರಕ್ತವನ್ನೂ ಕೆರೆದು, ಮಗ್ಗದ ಮೇಲಿದ್ದ ಅರ್ಧ ನೇಯ್ದ ಸೀರೆಯ ತುಂಡಿನಲ್ಲಿ ಕಟ್ಟಿಕೊಂಡು ಮಾಟಗಾರನ ಬಳಿ ಹೋದಳು.

“ಕೊನೇಗೆ ನಮ್ಮೋರ ಎರಡೂ ಪಾದ ತೂತುಬಿದ್ದು ಹೋದವು,” ಎಂದರು ನಾಗಲಕ್ಷ್ಮಮ್ಮ.

“ಅದು ಶುಗರ್ರು ಕಣಮ್ಮ.”

“ಡಾಕ್ಟ್ರೂ ಹಂಗೇ ಅಂದ್ರು.”

ಆಮೇಲಿಂದ ಕಾರು ಸಾಸಲು ಹಳ್ಳಿಯ ತೋಟದ ಕೊಟ್ಟಿಗೆಯಲ್ಲಿ ಕೊಳೆಯುತ್ತಿತ್ತು. ಆ ತಳವನ್ನು ಕಿತ್ತು ಹಾಕಿಸಿಯೇ ಕಣ್ಣು ಮುಚ್ಚಬೇಕೆಂಬುದೊಂದೇ ಆಕೆಯ ಆಸೆ.

ಕೆಲಸ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಸ್ಕ್ರೂಡ್ರೈವರಿನಿಂದ ಕುಟ್ಟಿದಲ್ಲೆಲ್ಲ ತಳ ಹಪ್ಪಳದಂತೆ ಮುರಿಯಿತು. ಸರಿಯಾಗಿ ಮಾಡಬೇಕೆಂದರೆ ಸೀಟು ಬಿಚ್ಚಿ, ಬಾಡಿ ಸೊಟ್ಟಗಾಗದಂತೆ ಅಡ್ಡಪಟ್ಟಿ ಕಟ್ಟಿ, ತುಕ್ಕನ್ನು ಗಟ್ಟಿ ಕಬ್ಬಿಣದವರೆಗೂ ಕತ್ತರಿಸಿ, ಹೊಸ ತಗಡು ಕೂರಿಸಬೇಕು. ಮೂರು ವಾರದ ಕೆಲಸ. ಚೌಡೇಶನ ಸೊಂಟ ಎರಡನೇ ದಿನಕ್ಕೇ ಸೋತಿತು. ಹೆಂಡತಿ ಅರುಣಾಗೆ ಗಾರ್ಮೆಂಟ್ಸಿನಲ್ಲಿ ಸೆಕೆಂಡ್ ಶಿಫ್ಟು. ಶಾಲೆ ಬಿಟ್ಟ ಮೇಲೆ ಏಳು ವರ್ಷದ ಸಿಂಚನ ಶೆಡ್ಡಿಗೇ ಬರುತ್ತಿದ್ದಳು. ಅವಳ ಹೋಂವರ್ಕು, ಅಡುಗೆ, ಬಟ್ಟೆ ಎಲ್ಲ ಇವನದೇ. ಐದನೇ ದಿನ ಅವನು ತುಕ್ಕಿನ ಮೇಲೆಯೇ ಹೊಸ ತಗಡು ಇಟ್ಟ. ಅಲ್ಲಲ್ಲಿ ವೆಲ್ಡಿಂಗ್ ಚುಚ್ಚಿದ. ಸಂದುಗಳಿಗೆ ಪುಟ್ಟಿ ಮೆತ್ತಿ ಟಾರು ಬಳಿದ. ಟಾರ್ಚು ಹಿಡಿದವಳು ಸಿಂಚನ.

“ಅಪ್ಪಾ, ಹಳೇದು ಒಳಗೇ ಇದೆಯಲ್ಲ?”

“ಯಾರಿಗೂ ಕಾಣಲ್ಲ ಬಿಡು. ಟಾರ್ಚು ನೆಟ್ಟಗೆ ಹಿಡಿ.”

ಅವತ್ತಿನಿಂದ ಶೆಡ್ಡಿನಲ್ಲಿ ಒಂದು ವಾಸನೆ. ಹುಳಿತ ಗಂಜಿಯದು, ಒದ್ದೆ ಕಬ್ಬಿಣದ್ದು. ಮೊದಲು ಮಗ್ಗದ ಶೆಡ್ಡಾಗಿತ್ತಲ್ಲ, ನೂಲಿನ ಗಂಜಿ ಗೋಡೆಗೆ ಹಿಡಿದಿರಬೇಕು ಎಂದುಕೊಂಡ.

ಎಂಟನೇ ದಿನ, ಸಂಜೆ ನಾಲ್ಕಕ್ಕೆ ನಾಗಲಕ್ಷ್ಮಮ್ಮ ಬಂದರು. ಸುತ್ತಲಿನ ಮನೆಗಳ ಕರೆಂಟ್ ಮಗ್ಗಗಳು ಟಕಾಟಕ್ ಹೊಡೆದುಕೊಳ್ಳುತ್ತಿದ್ದವು.

“ಕತ್ತರಿಸಿ ತೆಗೆದೆಯೇನಪ್ಪ?”

“ಪೂರ್ತಿ ತೆಗೆದೆ ಅಮ್ಮ.”

“ನಿಜವಾಗ್ಲೂ?”

ಗಿರಾಕಿ ಅನುಮಾನಪಟ್ಟಾಗಲೆಲ್ಲ ಮಾಡುತ್ತಿದ್ದುದನ್ನೇ ಮಾಡಿದ. ಪಕ್ಕದಲ್ಲಿ ಬಿಸ್ಕತ್ತು ತಿನ್ನುತ್ತಿದ್ದ ಸಿಂಚನಳ ತಲೆಯ ಮೇಲೆ ಕೈಯಿಟ್ಟ. “ಇವಳಾಣೆ.”

ಅವಳ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಕತ್ತೆತ್ತಿ ಅಪ್ಪನ ಮುಖವನ್ನೇ ನೋಡಿದಳು. ಅವನ ಕಿವಿ ಬಿಸಿಯಾಯಿತು.

ನಾಗಲಕ್ಷ್ಮಮ್ಮನ ಕಣ್ಣು ತುಂಬಿತು. ಹೊಸ್ತಿಲು ದಾಟಿ ಒಳಗೆ ಬಂದು, ಕಾರಿನ ಬಾಗಿಲು ತೆಗೆದರು. “ಬಾ ತಾಯಿ, ಮೊದಲು ನೀನೇ ಕೂತ್ಕೋ. ಒಂದು ಮಗು ಕೂತು ಎದ್ದುಬಂದ್ರೆ ನನ್ನ ಜೀವಕ್ಕೆ ಸಮಾಧಾನ.”

ಸಿಂಚನ ಮತ್ತೆ ಅಪ್ಪನನ್ನು ನೋಡಿದಳು. ಬೇಡ ಎನ್ನಲು ಒಂದೇ ಮಾತು ಸಾಕಿತ್ತು. ಆ ಮಾತು ಆಡಿದರೆ ಆಣೆ ಸುಳ್ಳೆಂದು ಒಪ್ಪಿಕೊಂಡಂತೆ.

“ಕೂತ್ಕೋ ಪುಟ್ಟಿ,” ಎಂದ.

ಅವಳು ಕೂತಳು. ಕರೆಂಟು ಹೋಯಿತು.

ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ನಿಂತವು. ಒಂದನ್ನು ಬಿಟ್ಟು. ಟಕ್. ಟಕ್. ಟಕ್. ಸದ್ದು ಕಾರಿನ ಅಡಿಯಿಂದ ಬರುತ್ತಿತ್ತು. ಗಂಜಿ ವಾಸನೆ ಗಂಟಲಿಗೆ ಅಡರಿತು. ಅರ್ಧ ಎಳೆದ ಶಟರಿನಡಿಯ ಬೆಳಕಿನಲ್ಲಿ, ಮ್ಯಾಟು ನಿಧಾನವಾಗಿ ಕೆಳಕ್ಕೆ ಜಗ್ಗುವುದು ಕಂಡಿತು.

“ಅಪ್ಪಾ, ಕಾಲು.”

ಪಾದ ಮುಳುಗಿತ್ತು. ತಗಡಿನ ಅಂಚು ಅವಳ ಕಣಕಾಲನ್ನು ಬಾಯಿಯಂತೆ ಕಚ್ಚಿಕೊಂಡಿತ್ತು.

“ಏನಿದು? ಕತ್ತರಿಸಿದ್ದೆ ಅಂದ್ಯಲ್ಲ?” ನಾಗಲಕ್ಷ್ಮಮ್ಮ ಕಾರಿನೊಳಕ್ಕೆ ಬಗ್ಗಿದರು.

“ಕತ್ತರಿಸಿದ್ದೀನಮ್ಮ, ಮ್ಯಾಟು ಜಾರಿದೆ ಅಷ್ಟೇ…”

ತಗಡು ಬಿಗಿಯಿತು. ಸಿಂಚನ ಕಿರುಚಿದಳು. ರಕ್ತ ಜಿನುಗಿತು.

ಗ್ರೈಂಡರ್ ಎತ್ತಿಕೊಂಡ. ಕರೆಂಟಿಲ್ಲ. ಉಳಿ, ಸುತ್ತಿಗೆ. ಹೊಡೆದ. ಒಂದೊಂದು ಏಟಿಗೂ ಮಗುವಿನ ಕಾಲು ಒಂದೊಂದು ಬೆರಳಿನಷ್ಟು ಒಳಕ್ಕೆ ಹೋಯಿತು. ಟಕ್. ಟಕ್. ಕೆಳಗೆ ಬಗ್ಗಿ ನೋಡಿದ. ಕಾರಿನಡಿಯಲ್ಲಿ ಪಾದ ಇಳಿದಿರಲಿಲ್ಲ. ಎರಡು ತಗಡುಗಳ ನಡುವೆ ಒಂದು ಬೆರಳಿನಷ್ಟು ಸಂದು. ಆ ಸಂದಿನೊಳಕ್ಕೆ ಕಾಲು ಮೊಣಕಾಲಿನವರೆಗೂ ಹೋಗಿತ್ತು. ಅಷ್ಟು ಕಾಲು ಎಲ್ಲಿ ಹೋಯಿತು?

“ಯಾರೋ ಹಿಡ್ಕೊಂಡಿದ್ದಾರೆ ಅಪ್ಪಾ. ಚಿಕ್ಕ ಕೈ.”

ನಾಗಲಕ್ಷ್ಮಮ್ಮ ಅವನ ಅಂಗಿ ಹಿಡಿದು ಅಲುಗಾಡಿಸಿದರು. “ಬಾಯಿಬಿಟ್ಟು ಹೇಳು. ನಮ್ಮೋರೂ ಹೇಳಲಿಲ್ಲ ಕಣಪ್ಪ. ಹೇಳಿಬಿಡು.”

ಮಗಳ ಕಾಲು ಹೋಗುತ್ತಿರುವಾಗಲೂ ಮರ್ಯಾದೆ ಅವನ ಗಂಟಲಲ್ಲಿ ಅಡ್ಡ ಕೂತಿತ್ತು. ಅದು ಗೊತ್ತಾದದ್ದೇ ಸುತ್ತಿಗೆ ಕೆಳಗಿಟ್ಟ.

“ಕತ್ತರಿಸಲಿಲ್ಲ,” ಎಂದ. “ಮೇಲೆ ಮುಚ್ಚಿದೆ. ಇವಳ ಕೈಲೇ ಟಾರ್ಚು ಹಿಡಿಸಿದೆ. ಇವಳ ಮೇಲೇ ಸುಳ್ಳಾಣೆ ಇಟ್ಟೆ. ಗೊತ್ತಿದ್ದೂ ಕೂರಿಸಿದೆ.”

ಮಗ್ಗ ನಿಂತಿತು. ತಗಡಿನ ಹಿಡಿತ ಸಡಿಲಿತು. ಮಗುವನ್ನು ಎಳೆದುಕೊಂಡ. ಹಿಂದೆಯೇ ಇಡೀ ತಳ ಪುಡಿಪುಡಿಯಾಗಿ ಕಳಚಿ ನೆಲಕ್ಕೆ ಬಿತ್ತು. ಅದರ ನಡುವೆ ಅರ್ಧ ನೇಯ್ದ ಸೀರೆಯ ಗಂಟೊಂದಿತ್ತು, ಒದ್ದೆಯಾಗಿ.

ಆಸ್ಪತ್ರೆಯಲ್ಲಿ ಆರು ಹೊಲಿಗೆ ಹಾಕಿದರು. ಮೂಳೆಗೆ ಏನೂ ಆಗಿರಲಿಲ್ಲ. ಚೌಡೇಶನ ಬಲ ಅಂಗೈಯಲ್ಲಿ ಮಾತ್ರ ರೂಪಾಯಿ ಅಗಲದ ತುಕ್ಕಿನ ಕಲೆ. ಪೆಟ್ರೋಲು ಹಾಕಿ ಉಜ್ಜಿದರೂ ಹೋಗಲಿಲ್ಲ. ಆಣೆಯಿಡುವಾಗ ಸಿಂಚನಳ ತಲೆಯ ಮೇಲೆ ಇಟ್ಟಿದ್ದ ಕೈ ಅದೇ.

ಮರುದಿನ ಬೆಳಗ್ಗೆ ಅವಳಿಗೆ ಜಡೆ ಹಾಕಲು ಕೂತ. ಕೈ ತಲೆಯ ಹತ್ತಿರ ಹೋದಾಗ ಅವಳು ಮೆಲ್ಲಗೆ ಸರಿದಳು. ಸಿಟ್ಟಿನಿಂದಲ್ಲ. ಬಿಸಿ ಪಾತ್ರೆಯಿಂದ ಸರಿಯುವ ಹಾಗೆ.

“ಅಪ್ಪಾ.”

“ಹೂಂ?”

“ಬೆಂಗಳೂರಲ್ಲಿ ಇರುವಾಗಲೂ ನನ್ನ ಮೇಲೆ ಆಣೆ ಇಡ್ತಿದ್ದೆ ಅಲ್ವಾ? ಆ ಕಾರುಗಳದ್ದು ಕತ್ತರಿಸಿದ್ದೆಯಾ?”

ಒಂದು ಬಿಳಿಯದು ನೆನಪಾಯಿತು. ಒಂದು ಶಾಲೆಯ ವ್ಯಾನು. ಆಮೇಲೆ ಇನ್ನೊಂದು. ತಲೆ ತಗ್ಗಿಸಿ, ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲು ಬಿಡಿಸತೊಡಗಿದ.

ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಸುಮ್ಮನಾದವು.

ಸಿಂಚನ ಎರಡೂ ಕಾಲುಗಳನ್ನು ನೆಲದಿಂದ ಮೇಲಕ್ಕೆತ್ತಿ ಮಂಚದ ಮೇಲಿಟ್ಟುಕೊಂಡಳು.